ಹೊರಡಲು ದಾರಿಯುಂಟು, ಹಣಕ್ಕೆ ದಾರಿಯಿಲ್ಲ

ಸೇವೆ ಮಾಡುವೆನೆಂದು ಮುಂಗಡ ಹಣ ಪಡೆದವನು ಸೇವೆಯನ್ನು ನಡೆಯಿಸದೆ ಹೋದರೆ ಹಣವನ್ನು ಹಿಂದಿರುಗಿಸತಕ್ಕದ್ದು ಲೋಕದ ಸಾಮಾನ್ಯ ನ್ಯಾಯವಷ್ಟೆ. ಅರ್ಧ ದಾರಿಯಲ್ಲಿ ಇಳಿಸಿದ ಗಾಡಿಯವನು ಪೂರ್ಣ ಬಾಡಿಗೆ ಕೇಳಲು ತಾನೇ ನಾಚುವನು. ಮೊಬೈಲು ಇಂಟರ್‌ನೆಟ್ಟಿನ ವ್ಯವಹಾರದಲ್ಲಿ ಮಾತ್ರ ಈ ನ್ಯಾಯವು ಇನ್ನೂ ನೆಲೆಗೊಂಡಿಲ್ಲವೆಂದು ನಾವು ವಿಷಾದದಿಂದ ಹೇಳಬೇಕಾಗಿದೆ.

ನಮ್ಮ ದೇಶದ ಗ್ರಾಹಕರಲ್ಲಿ ಬಹುಮಂದಿ ಪ್ರೀಪೇಯ್ಡ್ ಪದ್ಧತಿಯವರು. ಹಣ ಮೊದಲು, ಸೇವೆ ಆಮೇಲೆ. ದಿನವೊಂದಕ್ಕೆ ಬೀಳುವ ದರವು ಕಡಿಮೆಯಾಗುವುದೆಂಬ ಆಸೆಯಿಂದ ಅನೇಕರು 84 ದಿನಗಳಿಗೋ 365 ದಿನಗಳಿಗೋ ಒಮ್ಮೆಲೇ ರೀಚಾರ್ಜು ಮಾಡಿಸುತ್ತಾರೆ. ವರ್ಷದ ಕರಾರಿಗೆ ಅವರು ರುಜು ಹಾಕಿಲ್ಲ; ಆದರೂ ಮುಂಗಡ ಕೊಟ್ಟ ಹಣವೇ ಅವರನ್ನು ಕಟ್ಟಿಹಾಕುವ ಹಗ್ಗವಾಗಿದೆ.

ಬಿಟ್ಟುಹೋಗುವ ಹಕ್ಕಿಲ್ಲವೇ ಎಂದರೆ, ಉಂಟು. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿಯನ್ನು ಬದಲಿಸುವ ಸೌಕರ್ಯವು 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಿಂದ ದೇಶಕ್ಕೆಲ್ಲ ಅನ್ವಯಿಸಿತು. 1900ಕ್ಕೆ ಸಂದೇಶ ಕಳುಹಿಸಿ ಗುಪ್ತ ಸಂಕೇತವನ್ನು ಪಡೆದು ಹೊಸ ಕಂಪೆನಿಯವರಿಗೆ ಒಪ್ಪಿಸಿದರಾಯಿತು. 2019ರ ಡಿಸೆಂಬರಿನಿಂದ ಜಾರಿಗೆ ಬಂದ ನಿಯಮದಂತೆ ಒಂದೇ ಸೇವಾವಲಯದೊಳಗಿನ ವರ್ಗಾವಣೆಯು ಮೂರು ಕೆಲಸದ ದಿನಗಳಲ್ಲಿ ಮುಗಿಯತಕ್ಕದ್ದು. ಈಗಿನ ಕಂಪೆನಿಯಲ್ಲಿ 90 ದಿನಗಳು ಕಳೆದಿರಬೇಕು. ಪೋಸ್ಟ್‌ಪೇಯ್ಡ್‌ನವರು ಬಾಕಿಯನ್ನು ತೀರಿಸಿರಬೇಕು. ಇಷ್ಟೆಲ್ಲ ಸರಿಯೆ. ಆದರೆ ಪ್ರೀಪೇಯ್ಡ್ ಗ್ರಾಹಕನ ಸಂಖ್ಯೆಯು ಹೊರಟಾಗ ಅವನ ಉಳಿಕೆ ಹಣವು ಹಿಂದೆ ಹೊರಡುವುದಿಲ್ಲ. ಹತ್ತು ತಿಂಗಳ ಅವಧಿ ಉಳಿದಿದ್ದರೂ ಅದು ಅಲ್ಲಿಯೇ ನಷ್ಟವಾಗುತ್ತದೆ. ಬಾಕಿಯಿದ್ದರೆ ಕಂಪೆನಿಯವರು ಗ್ರಾಹಕನನ್ನು ತಡೆಯಬಹುದು. ಕಂಪೆನಿಯವರಲ್ಲಿ ತನ್ನ ಹಣ ಉಳಿದರೆ ಗ್ರಾಹಕನು ಯಾರನ್ನು ತಡೆಯಬೇಕು?

ಟ್ರಾಯ್ ಎಂದು ಪ್ರಸಿದ್ಧವಾದ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಸೇವೆಯ ಗುಣಮಟ್ಟವನ್ನು ಕುರಿತು ಹೊಸ ನಿಯಮಗಳನ್ನು ಮಾಡಿತು. ಜಿಲ್ಲೆಯೊಂದರಲ್ಲಿ ಜಾಲವು ಕೆಟ್ಟು 24 ಗಂಟೆಗಳೊಳಗೆ ಸರಿಹೋಗದಿದ್ದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ರಿಯಾಯಿತಿಯೂ, ಪ್ರೀಪೇಯ್ಡ್‌ನವರಿಗೆ ಅವಧಿಯ ವಿಸ್ತರಣೆಯೂ ದೊರೆಯತಕ್ಕದ್ದೆಂದು ಅದರಲ್ಲಿದೆ. ಇದು ಸ್ವಾಗತಾರ್ಹವೇ. ಆದರೆ ಜಿಲ್ಲೆಗೆ ಜಿಲ್ಲೆಯೇ ಮೂಕವಾಗುವುದು ಅಪೂರ್ವ; ಒಂದು ಹಳ್ಳಿ, ಒಂದು ಬೀದಿ, ಒಂದು ಮನೆ ಮೂಕವಾಗುವುದು ನಿತ್ಯದ ಮಾತು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಮಕ್ಕಳು ಪಾಠ ಕೇಳುವುದಕ್ಕಾಗಿ ಕೊಡೆ ಹಿಡಿದು ರಸ್ತೆಯ ಬದಿಯಲ್ಲಿಯೂ ಗುಡ್ಡದ ಮೇಲೆಯೂ ಕುಳಿತುದನ್ನು ನಾಡೆಲ್ಲ ನೋಡಿತು. ಅಂತಹವರಿಗೆ ಈ ನಿಯಮದಿಂದ ಬಿಡಿಗಾಸಿನ ಪರಿಹಾರವೂ ಇಲ್ಲ.

ಕಾಡು, ಬೆಟ್ಟ, ವಿದ್ಯುತ್ತಿನ ಅಭಾವ ಇವುಗಳ ನಡುವೆ ಪ್ರತಿಯೊಂದು ಮನೆಗೂ ಹೊಣೆಯಾಗಲಾರೆವೆಂದು ಕಂಪೆನಿಯವರು ಹೇಳಬಹುದು. ಆ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಜಾಲವು ಎಲ್ಲೆಲ್ಲಿ ದೊರೆಯುವುದೆಂಬ ನಕ್ಷೆಗಳನ್ನು ಪ್ರಕಟಿಸಬೇಕೆಂದು ಅದೇ 2024ರ ನಿಯಮಗಳು ವಿಧಿಸಿವೆ. ನಕ್ಷೆಯಲ್ಲಿ ಬಣ್ಣ ಬಳಿದು ತೋರಿಸಿದ ಸ್ಥಳದಲ್ಲಿ ಸೇವೆ ಸಿಗದಿದ್ದರೆ ತಪ್ಪು ಬೆಟ್ಟದ್ದಲ್ಲ, ನಕ್ಷೆ ಬರೆದವರದು.

ನೊಂದವರು ಸುಮ್ಮನಿರತಕ್ಕದ್ದಲ್ಲ. ಕಂಪೆನಿಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು; ತೃಪ್ತಿಯಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವುಂಟು. ಟೆಲಿಕಾಂ ವ್ಯಾಜ್ಯಗಳು ಅಲ್ಲಿ ಸಲ್ಲವೆಂಬ 2009ರ ತೀರ್ಪಿನ ಅಡ್ಡಿಯನ್ನು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ನಿವಾರಿಸಿದೆ. ಆದರೆ ಕೆಲವು ನೂರು ರೂಪಾಯಿಗಳಿಗಾಗಿ ಗುಮಾಸ್ತನೊಬ್ಬನು ಎಷ್ಟು ದಿನ ರಜೆ ಹಾಕಿ ಆಯೋಗದ ಬಾಗಿಲು ಕಾಯಬಲ್ಲನು? ಒಬ್ಬೊಬ್ಬನ ನಷ್ಟವು ಅಲ್ಪವಾಗಿರುವುದೇ ಕಂಪೆನಿಯವರಿಗೆ ರಕ್ಷೆಯಾಗಿದೆ.

ಆದಕಾರಣ ನಾವು ಪ್ರಾಧಿಕಾರದವರಲ್ಲಿ ಕೇಳುವುದು ಇಷ್ಟೆ. ದೂರು ದಾಖಲಾಗಿ, ನಿಗದಿಯಾದ ದಿನಗಳೊಳಗೆ ದೋಷವು ನೀಗದಿದ್ದರೆ, ಗ್ರಾಹಕನು ಬಿಟ್ಟುಹೋಗುವಾಗ ಉಳಿದ ದಿನಗಳ ಹಣವನ್ನು ಲೆಕ್ಕ ಹಾಕಿ ಹಿಂದಿರುಗಿಸತಕ್ಕದ್ದೆಂದು ನಿಯಮವಾಗಲಿ. ಕ್ಷಣಮಾತ್ರದಲ್ಲಿ ಹಣ ಪಡೆಯಬಲ್ಲ ಯಂತ್ರಕ್ಕೆ ಹಣ ಹಿಂದಿರುಗಿಸುವುದು ಅಸಾಧ್ಯವಲ್ಲ. ಅಲ್ಲಿಯವರೆಗೆ, ಹೊಸ ಕಂಪೆನಿಯ ಜಾಲವನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸದೆ ವರ್ಷದ ಹಣವನ್ನು ಯಾರೂ ಕಟ್ಟದಿರುವುದು ವಿವೇಕ.