ಗೂಳಿಯೋ, ಕರಡಿಯೋ?

ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತಿ ಹಾಯುತ್ತದೆ. ಕರಡಿ ಪಂಜದಿಂದ ಕೆಳಕ್ಕೆ ಬಡಿಯುತ್ತದೆ. ಷೇರುಪೇಟೆಯ ಏರುಗಾಲ ಗೂಳಿ, ಇಳಿಗಾಲ ಕರಡಿ ಎಂದು ನೆನಪಿಡಲು ಇಷ್ಟು ಸಾಕು. ಸೂಚ್ಯಂಕವು ಶಿಖರದಿಂದ ಶೇ 20ರಷ್ಟು ಕುಸಿದರೆ ಕರಡಿ, ತಳದಿಂದ ಶೇ 20ರಷ್ಟು ಏರಿದರೆ ಗೂಳಿ ಎಂಬುದು ರೂಢಿಯ ಅಳತೆ.

ಆದರೆ ಈ ಅಳತೆಗೋಲೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಮುಂಬೈ ಷೇರುಪೇಟೆಯ 30 ಕಂಪನಿಗಳನ್ನು ಆಧರಿಸಿದ ಸೆನ್ಸೆಕ್ಸ್ ಸೂಚ್ಯಂಕವು 2008ರ ಜನವರಿ 8ರಂದು 20,873ರಲ್ಲಿ ಮುಕ್ತಾಯವಾಗಿತ್ತು. ಅಕ್ಟೋಬರ್ ಕೊನೆಗೆ ಸುಮಾರು 8,500ಕ್ಕೆ ಇಳಿಯಿತು. ನವೆಂಬರ್ ಮೊದಲ ವಾರ 10,500 ದಾಟಿತು. ಅಂದರೆ ಶೇ 20ಕ್ಕೂ ಹೆಚ್ಚಿನ ಏರಿಕೆ! ಗೂಳಿ ಬಂದೇಬಿಟ್ಟಿತೇ? ಇಲ್ಲ. ಅದೇ ತಿಂಗಳು ಮತ್ತೆ 9,000ದ ಕೆಳಗೆ ಜಾರಿತು. 2009ರ ಮಾರ್ಚ್ 9ರಂದು 8,160 ಮುಟ್ಟಿತು. ಒಂದು ಮಳೆ ಬಿದ್ದ ಮಾತ್ರಕ್ಕೆ ಮುಂಗಾರು ಬಂತೆನ್ನಲಾಗದು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಶಿಖರದಿಂದ ತಳಕ್ಕೆ ಇಳಿಕೆ ಶೇ 61. ಅದೇ ಶಿಖರಕ್ಕೆ ಮರಳಲು ಬೇಕಾದ ಏರಿಕೆ ಶೇ 61 ಅಲ್ಲ, ಶೇ 156! ಸೆನ್ಸೆಕ್ಸ್ ಆ ಮಟ್ಟಕ್ಕೆ ಮರಳಿದ್ದು 2010ರ ನವೆಂಬರ್‌ನಲ್ಲಿ. ಮುಂದಿನ ವರ್ಷದ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ಅಷ್ಟು ದಿನ ಕಾಯಲಾರದು ಎಂಬುದನ್ನು ಪೋಷಕರು ಮರೆಯಬಾರದು.