ಜಿಂಕೆಯ ಲೆಕ್ಕ, ಕಾಡಿನ ಲೆಕ್ಕ

ಮಗನ ಮನೆಗೆಂದು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದಾಗ ಬೇಟೆಗಾರರ ವಾಗ್ವಾದವೊಂದನ್ನು ಕೇಳಿದೆ. ಸರ್ಕಾರವು ಹೆಣ್ಣುಜಿಂಕೆಗಳನ್ನು ಕೊಲ್ಲಿಸಿ ಕಾಡನ್ನೇ ಬರಿದುಮಾಡಿತೆಂದು ಹಿರಿಯರೊಬ್ಬರ ದೂರು. ಮಾಂಸ ಮುಟ್ಟದ ನಾನು ಇದರಲ್ಲಿ ಬಾಯಿ ಹಾಕುವುದು ವಿಚಿತ್ರವೇ ಸರಿ. ಆದರೂ ಹೇಳುತ್ತೇನೆ, ಆ ದೂರು ತಪ್ಪು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿ ತೋಳಗಳು ನಿರ್ನಾಮವಾಗಿದ್ದವು, ಜಿಂಕೆಗಳೂ ಅಳಿವಿನಂಚಿನಲ್ಲಿದ್ದವು. 1907ರ ಕಾನೂನು ಹೆಣ್ಣುಜಿಂಕೆಯನ್ನು ರಕ್ಷಿಸಿತು. ಆಗ ಅದು ವಿವೇಕವೇ. ಆದರೆ ಸಂತತಿ ಮಿತಿಮೀರಿದ ಮೇಲೂ ಹೆಣ್ಣನ್ನು ಹೊಡೆಯಬಾರದೆಂಬುದು ತಲೆಮಾರುಗಳ ನಂಬಿಕೆಯಾಗಿ ಉಳಿಯಿತು. ಅದನ್ನು ಎದುರಿಸಿದವರು ಗ್ಯಾರಿ ಆಲ್ಟ್ ಎಂಬ ಜೀವವಿಜ್ಞಾನಿ. 2001ರಲ್ಲಿ ಗಂಡು, ಹೆಣ್ಣುಗಳ ಬೇಟೆಯನ್ನು ಒಂದೇ ಋತುವಿನಲ್ಲಿ ನಡೆಸಲಾಯಿತು; 2002ರಲ್ಲಿ ಎಳೆಯ ಗಂಡುಗಳನ್ನು ಉಳಿಸಲು ಕೊಂಬಿನ ಕವಲುಗಳ ನಿಯಮ ಬಂತು. ಬೈಗುಳ ಸಾಕಷ್ಟು ತಿಂದ ಆಲ್ಟ್ 2004ರ ಕೊನೆಗೆ ಕೆಲಸ ಬಿಟ್ಟರು.

ನಾನು ಕರಿಹಲಗೆಯ ಮೇಲೆ ಹುಲ್ಲು, ಜಿಂಕೆ, ಹುಲಿ ಎಂದು ಆಹಾರ ಸರಪಳಿ ಬರೆಯುತ್ತಿದ್ದೆ. ಹುಲಿಯನ್ನು ಅಳಿಸಿದರೆ ಏನಾದೀತೆಂದು ಮಕ್ಕಳಿಗೆ ತೋರಿಸಲೇ ಇಲ್ಲ! ಅಲ್ಲಿ ಕಣ್ಣಾರೆ ಕಂಡೆ. ಜಿಂಕೆ ಹೋಗದಂತೆ ಬೇಲಿ ಹಾಕಿದ ತುಂಡು ನೆಲದಲ್ಲಿ ಓಕ್ ಸಸಿಗಳು ದಟ್ಟವಾಗಿ ಎದ್ದಿದ್ದವು. ಬೇಲಿಯಾಚೆ ಮುದಿಮರಗಳು, ಅವುಗಳ ಕೆಳಗೆ ಜಿಂಕೆ ಮೂಸಿಯೂ ನೋಡದ ಜರೀಗಿಡ. ಮರಿಮರ ಒಂದೂ ಇಲ್ಲ.

"ನಮ್ಮ ಪರವಾನಗಿ ಹಣದಿಂದಲೇ ಇಲಾಖೆ ನಡೆಯುವುದು" ಎಂದರು ಆ ಹಿರಿಯರು. ಭಾಗಶಃ ನಿಜ. ಆದರೆ ಓಕ್ ಸಸಿ ಯಾರ ಬಳಿ ಪರವಾನಗಿ ಕೊಳ್ಳಬೇಕು ಸ್ವಾಮಿ?