ಬಾಯಿ ಬಿಡದ ಬಿಳಿ ಕೋಟು

ಮೆಡಿಕಲ್ ಶಾಪಿನ ಸಾಹುಕಾರರೇ, ನಿಮಗೆ ಬಾಯಿ ಇದೆ ಅಂತ ನನಗೆ ಗೊತ್ತು. ಚಿಲ್ಲರೆ ಇಲ್ಲ ಅನ್ನಲು ಅದು ತೆರೆಯುತ್ತದೆ. "ಏಯ್, ಪಕ್ಕಕ್ಕೆ ನಿಂತ್ಕೊ" ಅನ್ನಲು ಇನ್ನೂ ಅಗಲವಾಗಿ ತೆರೆಯುತ್ತದೆ. ಈ ಮಾತ್ರೆ ನುಂಗಿದರೆ ಏನಾಗಬಹುದು ಅಂತ ಹೇಳುವಾಗ ಮಾತ್ರ ಅದಕ್ಕೆ ಹೊಲಿಗೆ ಬೀಳುತ್ತದೆ.

ಕಾನೂನು ಬಾಯಿ ಬಿಡಿ ಅಂದಿದೆ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಕಾರ, ಚೀಟಿ ಕೈಗೆ ಬಂದಾಗ ನೋಂದಾಯಿತ ಫಾರ್ಮಸಿಸ್ಟ್ ಖುದ್ದಾಗಿ ತಾನೇ ರೋಗಿಯ ಜೊತೆ ಮಾತು ಶುರು ಮಾಡಬೇಕು. ರೋಗಿ ಕೇಳಲಿ ಅಂತ ಕಾಯುವಂತಿಲ್ಲ. ಔಷಧ ಯಾವುದು, ಯಾತಕ್ಕೆ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಯಾವ ಅಡ್ಡ ಪರಿಣಾಮಕ್ಕೆ ಹೆದರಬೇಕು, ಬೇರೆ ಯಾವ ಔಷಧದ ಜೊತೆ ಆಗಿಬರೋದಿಲ್ಲ, ಎಲ್ಲವೂ ಆ ಮಾತಿನೊಳಗೆ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಸೆಕ್ಷನ್ ಇನ್ನೂ ಖಾರ. ತಯಾರಕರು ಕೊಟ್ಟ ಎಚ್ಚರಿಕೆಯನ್ನು ಮಾರುವವನು ಕೊಳ್ಳುವವರಿಗೆ ದಾಟಿಸದೆ, ಅದರಿಂದಲೇ ಹಾನಿಯಾದರೆ, ಹೊಣೆ ಮಾರಿದವನದ್ದೂ ಹೌದು.

ಗೆಜೆಟ್‌ನಲ್ಲಿ ಓದಿದರೆ ಎಂಥಾ ದೇಶದಲ್ಲಿ ಹುಟ್ಟಿದೆನಪ್ಪಾ ಅಂತ ಕಣ್ಣು ತುಂಬಿ ಬರುತ್ತದೆ.

ನನ್ನವ್ವ ಕಂಡವರ ಗದ್ದೆಯ ಕೆಸರಲ್ಲಿ ಬಗ್ಗಿ ಬಗ್ಗಿ ಮಂಡಿ ಸವೆಸಿಕೊಂಡವಳು. ಸಂತೆಯ ದಿನ ತಾಲೂಕು ಪೇಟೆಗೆ ಹೋಗಿ "ಮಂಡಿ ನೋವಿನ ಗುಳಿಗೆ ಕೊಡಿ ಸ್ವಾಮಿ" ಅನ್ನುತ್ತಿದ್ದಳು. ಸ್ವಾಮಿ ಡೈಕ್ಲೋಫೆನಾಕ್ ಕೊಡುತ್ತಿದ್ದ. ಅದು ಶೆಡ್ಯೂಲ್ ಎಚ್ ಔಷಧ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಯಾರು ಕೇಳಿದರು? ಕತ್ತರಿಯಲ್ಲಿ ಅರ್ಧ ಪಟ್ಟಿ ಕಚಕ್ ಅಂತ ಕತ್ತರಿಸಿ, ಅವಳ ಕೈಗೆ ಕೈ ತಾಗದ ಹಾಗೆ ಗಾಜಿನ ಮೇಲೆ ಎಸೆದು ನೂಕುತ್ತಿದ್ದ. ಎಚ್ಚರಿಕೆ ಅಂತ ಏನಾದರೂ ಇದ್ದರೆ ಆ ಪಟ್ಟಿಯ ಬೆನ್ನ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್‌ನಲ್ಲಿ. ಅವ್ವನಿಗೆ ಕನ್ನಡವೇ ಹೆಬ್ಬೆಟ್ಟು.

ಒಂದು ಸಲ ನಾನೂ ಜೊತೆಗಿದ್ದೆ. ನಮಗಿಂತ ಆಮೇಲೆ ಬಂದ ಕಾಲೇಜು ಮೇಷ್ಟ್ರಿಗೆ ನಮಗಿಂತ ಮೊದಲು ಸರದಿ. ಅವರು ಕೇಳಿದ್ದೂ ಅದೇ ಗುಳಿಗೆ. ಸ್ವಾಮಿಯ ಬಾಯಿಂದ ಜೇನು ಸುರಿಯಿತು. "ಖಾಲಿ ಹೊಟ್ಟೇಲಿ ಬೇಡಿ ಸಾರ್. ಬಿ.ಪಿ. ಮಾತ್ರೆ ತಗೋತಿದ್ದೀರಾ? ಹಂಗಾದ್ರೆ ಡಾಕ್ಟ್ರನ್ನ ಒಂದ್ಸಲ ಕೇಳ್ಬಿಡಿ, ಕಿಡ್ನಿಗೆ ಪೆಟ್ಟು ಬೀಳುತ್ತೆ."

ಅವ್ವನೂ ಸರ್ಕಾರಿ ಆಸ್ಪತ್ರೆಯ ಬಿ.ಪಿ. ಮಾತ್ರೆ ತಿನ್ನುತ್ತಿದ್ದಳು.

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು.

ಕೊನೆಗೆ ಡಯಾಲಿಸಿಸ್ ಮಂಚದ ಪಕ್ಕ ನಿಂತು ಕನ್ನಡಕದ ಡಾಕ್ಟರು ನನ್ನನ್ನು ಬೈದರು. "ಇಷ್ಟು ವರ್ಷ ಪೇನ್‌ಕಿಲ್ಲರ್ ತಿಂದ್ರೆ ಇನ್ನೇನಾಗುತ್ತೆ? ನಿಮ್ಮಂಥೋರಿಗೆ ಹೇಳೋರ್ಯಾರು!" ಅದನ್ನೇ ಅಲ್ಲವೇ ಸ್ವಾಮಿ ನಾನೂ ಕೇಳುತ್ತಿರುವುದು? ಹೇಳೋರು ಯಾರು?

ಅವ್ವ ಹೋದ ಮೇಲೆ ವಕೀಲರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಬಿಲ್ ಇದೆಯಾ? ಇಲ್ಲ. ಚೀಟಿ? ಇಲ್ಲ. ಬ್ಯಾಚ್ ನಂಬರ್? ಕತ್ತರಿ ಆ ತುದಿಯನ್ನು ಅಂಗಡಿಯಲ್ಲೇ ಉಳಿಸಿಕೊಂಡಿತ್ತು. ಕಾಯ್ದೆಯ ಬಾಗಿಲು ತೆರೆದೇ ಇದೆ, ಬಿಲ್ ಇದ್ದವರಿಗೆ. ಬಿಲ್ ಕೇಳಿದರೆ "ಎಂಟು ರೂಪಾಯಿ ಗುಳಿಗೆಗೆ ನಿನಗೊಂದು ಬಿಲ್ ಕೇಡು" ಅನ್ನಿಸಿಕೊಂಡವರು ಮನೆಗೆ ಹೋಗಿ ಅಳಬಹುದು. ಅದಕ್ಕೆ ಜಿ.ಎಸ್.ಟಿ. ಇಲ್ಲ.

2018ರ ಸೆಪ್ಟೆಂಬರ್ 28ರಂದು ದೇಶದ ಔಷಧ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದ್ ಮಾಡಿದ್ದು ನೆನಪಿದೆಯೇ? ಆನ್‌ಲೈನ್‌ನಲ್ಲಿ ಔಷಧ ಮಾರಿದರೆ ಜನರ ಆರೋಗ್ಯಕ್ಕೆ ಅಪಾಯ ಅಂತ. ಅಯ್ಯೋ, ಆ ಕಳಕಳಿಯೇ! ಮೊಬೈಲಿಗೆ ಬಾಯಿಲ್ಲ, ಒಪ್ಪಿದೆ. ಗಾಜಿನ ಆಚೆ ಇರುವ ನಿಮಗಿದೆಯಲ್ಲ, ಅದು ನಮ್ಮ ಕೇರಿಯವರ ಕಡೆ ಎಂದಾದರೂ ತಿರುಗಿದ್ದುಂಟೇ?

ಇನ್ನು ಆ ನೋಂದಾಯಿತ ಫಾರ್ಮಸಿಸ್ಟ್. ನಮ್ಮ ಕೇರಿಯಲ್ಲೇ ಒಬ್ಬನಿದ್ದಾನೆ. ಅಪ್ಪ ಸಾಲ ಮಾಡಿ ಡಿ.ಫಾರ್ಮಾ ಓದಿಸಿದ. ಕೌಂಟರಿನಲ್ಲಿ ನಿಲ್ಲುತ್ತೇನೆ ಅಂದರೆ ಯಾರಿಗೂ ಅವನು ಬೇಡ, ಅವನ ಸರ್ಟಿಫಿಕೇಟು ಮಾತ್ರ ಬೇಕು. ಅದನ್ನು ಬಾಡಿಗೆಗೆ ಕೊಟ್ಟು ಹುಡುಗ ಬೆಂಗಳೂರಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಾನೆ. ಡಾಕ್ಟರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಕೊಡಬಾರದು ಅನ್ನುತ್ತದೆ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್, ಕೊಟ್ಟರೆ ಶಿಕ್ಷೆ. ಆದರೇನು, ಎಸ್ಸೆಸ್ಸೆಲ್ಸಿ ಫೇಲಾದ ಸಾಹುಕಾರನ ಅಳಿಯ ಕೊಡುತ್ತಿದ್ದಾನೆ, ಮೇಲೆ ಗೋಡೆಯಲ್ಲಿ ನಮ್ಮ ಹುಡುಗನ ಹೆಸರು ಲಕ್ಷ್ಮೀ ಫೋಟೋ ಪಕ್ಕ ಊದಿನಕಡ್ಡಿಯ ಹೊಗೆ ಕುಡಿಯುತ್ತಿದೆ. ಹೊಲೆಯರ ಹುಡುಗ ಒಳಗೆ ಬರಬಾರದು, ಅವನ ಹೆಸರು ದೇವರ ಪಕ್ಕ ಕೂರಬಹುದು. ಲೈಸೆನ್ಸಿಗೆ ಮೈಲಿಗೆ ಇಲ್ಲ ನೋಡಿ.

ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಅವನಿಗೆ ಫೋನ್ ಬರುತ್ತದೆ. ಬಸ್ ಚಾರ್ಜು ಸಾಹುಕಾರನದ್ದು. ಬೆಳಿಗ್ಗೆ ಬಿಳಿ ಕೋಟು ತೊಟ್ಟು ಗಾಜಿನ ಆಚೆ ನಿಲ್ಲುತ್ತಾನೆ, ರಿಜಿಸ್ಟರಿನಲ್ಲಿ ತಿಂಗಳುಗಟ್ಟಲೆ ಬಾಕಿ ಸಹಿ ಹಾಕುತ್ತಾನೆ. ಹೋದ ಸಲ ಬಂದಾಗ ಕೇಳಿದೆ: ಇನ್‌ಸ್ಪೆಕ್ಟರು ಏನಾದ್ರೂ ಕೇಳಿದ್ರೇನೋ, ಜನರಿಗೆ ಏನು ಹೇಳ್ತೀಯ, ಏನು ಎಚ್ಚರಿಕೆ ಕೊಡ್ತೀಯ ಅಂತ?

"ಕೇಳಿದ್ರಣ್ಣ," ಅಂದ. "ಕೋಟಿಗೆ ಗುಂಡಿ ಯಾಕಿಲ್ಲ ಅಂತ."